ಸಾರಾಯಿ ಅಂಗಡಿ ಮತ್ತು ರಾತ್ರಿ ಶಾಲೆ



ಶಿಕ್ಷಣ ಸಂಘದ ಸಭೆಯಲ್ಲಿ ಕುಡಿತದ ಮಾತೇಕೆ ಎಂದು ನೀವು ಕೇಳಬಹುದು. ವಿದ್ಯಾರ್ಥಿವೇತನ, ಹಾಸ್ಟೆಲ್, ಟ್ಯೂಷನ್ ಇವೇ ನಮ್ಮ ಕೆಲಸವಲ್ಲವೇ? ಉತ್ತರ ಹುಡುಕಲು ಪಕ್ಕದ ಆಂಧ್ರದ ಒಂದು ಹಳ್ಳಿಗೆ ಹೋಗೋಣ.

ಅದು ನೆಲ್ಲೂರು ಜಿಲ್ಲೆಯ ದೂಬಗುಂಟ. ಕೂಲಿನಾಲಿ ಮಾಡಿ ಬದುಕುವ ಜನ. ಗಂಡಸರ ದುಡಿಮೆ ಸಂಜೆಯಾದರೆ ಸಾರಾಯಿ ಅಂಗಡಿಗೆ ಹೋಗುತ್ತಿತ್ತು. ಅಲ್ಲಿನ ಸರಕಾರವೇ ‘ವಾರುಣಿ ವಾಹಿನಿ’ ಎಂಬ ಚೆಂದದ ಹೆಸರಿಟ್ಟು ಪ್ಯಾಕೆಟ್ ಸಾರಾಯಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತ್ತು. ಕುಡಿಯುವ ನೀರು ಅಷ್ಟು ಸುಲಭವಾಗಿ ಬರುತ್ತಿತ್ತೋ ಇಲ್ಲವೋ! 1991ರ ಸಾಕ್ಷರತಾ ಆಂದೋಲನದಲ್ಲಿ ಅಲ್ಲಿನ ಹೆಂಗಸರು ರಾತ್ರಿ ಶಾಲೆಗೆ ಬಂದರು. ವಾಚಕದಲ್ಲಿ ಸೀತಮ್ಮ ಎಂಬವಳು ಊರಿನವರನ್ನು ಕೂಡಿಸಿಕೊಂಡು ಸಾರಾಯಿ ಅಂಗಡಿ ಮುಚ್ಚಿಸಿದ ಪಾಠವಿತ್ತು. ಅಕ್ಷರ ಕೂಡಿಸಿ ಓದಲು ಕುಳಿತವರಿಗೆ ಅದರಲ್ಲಿ ತಮ್ಮ ಮನೆಯೇ ಕಂಡಿತು. ರೋಸಮ್ಮ ಎಂಬವರ ಮುಂದಾಳತ್ವದಲ್ಲಿ ಎದ್ದು ನಿಂತರು. 1992ರಲ್ಲಿ ಅದು ಊರಿಂದೂರಿಗೆ ಹಬ್ಬಿತು. 1993ರ ಅಕ್ಟೋಬರ್ 1ರಂದು ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ಶಿಕ್ಷಣಕ್ಕೂ ಕುಡಿತಕ್ಕೂ ಏನು ಸಂಬಂಧ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರದ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಪೂರ್ಣ ಪಾನನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ನಮ್ಮ ನೆರೆಯ ರಾಯಚೂರಿನವರೂ ಅವರಲ್ಲಿದ್ದರು. ಅವರ ಬೇಡಿಕೆ ಈಡೇರಲಿಲ್ಲ. 2023-24ರಲ್ಲಿ ಸರಕಾರಕ್ಕೆ ಅಬಕಾರಿಯಿಂದ ಬಂದದ್ದು 30 ಸಾವಿರ ಕೋಟಿ ರೂಪಾಯಿಗೂ ಮೇಲೆ.

ಇನ್ನು ನಮ್ಮ ಗಲ್ಲಿಗಳಿಗೆ ಬರೋಣ. “ನಮ್ಮಲ್ಲಿ ಅದು ಹರಾಮ್, ನಮ್ಮವರು ಕುಡಿಯುವುದಿಲ್ಲ” ಎನ್ನುತ್ತೇವೆ. ಹರಾಮ್ ಎಂಬುದು ನಿಜ, ಅದರಲ್ಲಿ ರಿಯಾಯಿತಿ ಇಲ್ಲ. ಎರಡನೆಯ ಮಾತು ನಿಜವೇ? ಜೀನ್ಸ್ ಹೊಲಿಯುವವನ, ಲಾರಿ ಓಡಿಸುವವನ ಮನೆಯಲ್ಲಿ ಕೇಳಿ ನೋಡಿ. ಕುಡಿದು ಹಾಸಿಗೆ ಹಿಡಿದವನಿಗೆ ‘ಕಾಮಾಲೆ’ ಎನ್ನುತ್ತಾರೆ. ಏಳನೇ ತರಗತಿಯ ಹುಡುಗ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ್ದಕ್ಕೆ ‘ಓದಿನಲ್ಲಿ ಮನಸ್ಸಿಲ್ಲ’ ಎನ್ನುತ್ತಾರೆ. ನಾಚಿಕೆಯಿಂದ ಎಲ್ಲವೂ ಒಳಗೇ ಉಳಿಯುತ್ತದೆ.

ಈ ನಾಚಿಕೆ ಜೀವ ತೆಗೆಯಬಲ್ಲದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ರಂಜಾನ್ ಚಾಂದ್ ಕಂಡಿತೆಂದು ಒಮ್ಮೆಗೇ ಬಿಡುತ್ತಾನೆ. ನಿಯ್ಯತ್ತು ಒಳ್ಳೆಯದೇ. ಆದರೆ ಮರುದಿನ ಕೈಕಾಲು ನಡುಗುತ್ತವೆ, ಬೆವರು ಸುರಿಯುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣತೊಡಗುತ್ತದೆ, ಹೊತ್ತು ಗೊತ್ತಿಲ್ಲದೆ ಬಡಬಡಿಸುತ್ತಾನೆ. ಮನೆಯವರು ಜಿನ್ನ್ ಹಿಡಿಯಿತೆಂದು ತಾವೀಜಿಗೆ ಓಡುತ್ತಾರೆ. ಅದು ಜಿನ್ನ್ ಅಲ್ಲ. ಮದ್ಯಕ್ಕೆ ಒಗ್ಗಿದ ಮಿದುಳು ಅದು ಸಿಗದೆ ಕೆರಳಿದ ಸ್ಥಿತಿ. ಚಿಕಿತ್ಸೆಯಿಲ್ಲದಿದ್ದರೆ ಸಾವೂ ಬರಬಹುದು. ಆಸ್ಪತ್ರೆಗೆ ಸೇರಿಸಿದರೆ ಔಷಧಿ ಮತ್ತು ಬಿ-1 ಜೀವಸತ್ವ ಕೊಟ್ಟು ಕೆಲವೇ ದಿನಗಳಲ್ಲಿ ದಾಟಿಸುತ್ತಾರೆ. ಕೇಂದ್ರ ಸರಕಾರದ 2019ರ ಸಮೀಕ್ಷೆಯಂತೆ ಮದ್ಯವ್ಯಸನಿಗಳಲ್ಲಿ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು.

ಪದೇಪದೇ ಕುಡಿದು ಸಿಕ್ಕಿಬಿದ್ದ ಒಬ್ಬರನ್ನು ಯಾರೋ ಶಪಿಸಿದಾಗ ಪ್ರವಾದಿಯವರು (ಸ) ತಡೆದರೆಂದು ಬುಖಾರಿಯಲ್ಲಿದೆ. ಶಿಕ್ಷೆ ತಪ್ಪಲಿಲ್ಲ. ಆದರೆ ಆತನನ್ನು ಸಮುದಾಯದಿಂದ ಹೊರಗೆ ಹಾಕಲಿಲ್ಲ.

ಸಂಘದ ಮುಂದೆ ನನ್ನ ಬೇಡಿಕೆ ಎರಡೇ. ತಾಯಂದಿರಿಗೆ ಸಂಜೆ ತರಗತಿ ನಡೆಸಿ, ಅದರಲ್ಲಿ ಈ ಕಾಯಿಲೆಯ ಬಗ್ಗೆ ಒಂದು ಪಾಠವಿರಲಿ. ಶಅಬಾನಿನ ಕೊನೆಯ ಜುಮಾದಂದು, ಬಿಡಲು ಬಯಸುವವರು ಮೊದಲು ವೈದ್ಯರನ್ನು ಕಾಣಲಿ ಎಂದು ಪೇಶ್ ಇಮಾಮ್ ಸಾಹೇಬರು ಮಸೀದಿಯಲ್ಲಿ ಹೇಳಲಿ. ನಾವು ವಿಮ್ಸ್ ಎಂದು ಕರೆಯುವ ಸರಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಅಲ್ಲಿಗೆ ಹೋಗಲು ನಾಚುವವರು ಟೆಲಿ-ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಬಹುದು. ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.