ಐನೂರು ಕಾದಂಬರಿ, ನಾಲ್ಕನೇ ತರಗತಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಿಮ್ಮಲ್ಲಿ ಹೆಚ್ಚಿನವರ ಬದುಕಿನ ಒಂದು ಪಾಲು ಲೋಕಲ್ ಗಾಡಿಯಲ್ಲೇ ಕಳೆದಿದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸ್ಲೋ ಗಾಡಿಯಲ್ಲಿ ಒಂದೂಕಾಲು ಗಂಟೆ. ಈಗ ಎಲ್ಲರ ಕೈಯಲ್ಲೂ ಮೊಬೈಲು. ಮೊದಲು ಅದೇ ಕೈಯಲ್ಲಿ ಪತ್ರಿಕೆಯೋ ಸಣ್ಣದೊಂದು ಕಾದಂಬರಿಯೋ ಇರುತ್ತಿತ್ತು. ಇವತ್ತಿನ ಮಾತು ಆ ಸಣ್ಣ ಕಾದಂಬರಿಯನ್ನು ಬರೆದವರ ಬಗ್ಗೆ.

ಮೊದಲು ಸ್ವಲ್ಪ ದೂರದ ಊರಿಗೆ ಹೋಗೋಣ. ಜರ್ಮನಿಯಲ್ಲಿ ಕಾರ್ಲ್ ಮೈ ಎಂಬ ಲೇಖಕನಿದ್ದ. 1842ರಲ್ಲಿ ಬಡ ನೇಕಾರರ ಮನೆಯಲ್ಲಿ ಹುಟ್ಟಿದವನು. ಕಳವು, ವಂಚನೆಯ ಆರೋಪದಲ್ಲಿ ಹಲವು ವರ್ಷ ಜೈಲು ಕಂಡವನು. ಹೊರಬಂದ ಮೇಲೆ ಪೆನ್ನು ಹಿಡಿದ. ಮನೆಮನೆಗೆ ಹೋಗಿ ಕಂತುಕಂತಾಗಿ ಮಾರುವ ಧಾರಾವಾಹಿಗಳನ್ನು ಬರೆದ. ಅದರಲ್ಲಿ ಒಂದೇ ಕಥೆ ಎರಡು ಸಾವಿರ ಪುಟ ದಾಟಿತ್ತು! ಆಮೇಲೆ ಅಮೆರಿಕದ ಪಶ್ಚಿಮ ಸೀಮೆಯ ಕುದುರೆ ಸವಾರರ ಸಾಹಸಗಳನ್ನು ಬರೆದು ಮನೆಮಾತಾದ. ವಿನೆಟೂ ಎಂಬ ಅಪಾಚೆ ನಾಯಕ, ಅವನ ಬಿಳಿಯ ಗೆಳೆಯ ಓಲ್ಡ್ ಶಾಟರ್‌ಹ್ಯಾಂಡ್, ಇವರಿಬ್ಬರನ್ನು ಅರಿಯದ ಜರ್ಮನ್ ಮಕ್ಕಳೇ ಇರಲಿಲ್ಲ. ಆದರೆ ಈ ಪುಣ್ಯಾತ್ಮ ಅಮೆರಿಕಕ್ಕೆ ಕಾಲಿಟ್ಟದ್ದು 1908ರಲ್ಲಿ, ಪುಸ್ತಕಗಳೆಲ್ಲ ಪ್ರಸಿದ್ಧವಾದ ಮೇಲೆ. ಆಗಲೂ ಪಶ್ಚಿಮ ಸೀಮೆಯನ್ನು ನೋಡದೆಯೇ ಮರಳಿದ. 1912ರಲ್ಲಿ ತೀರಿಕೊಂಡ.

ಅವನ ದಾರಿಯಲ್ಲಿ ಇನ್ನೂ ಅನೇಕರು ಬಂದರು. ಜಿ. ಎಫ್. ಉಂಗರ್ ಎಂಬವರು 1921ರಿಂದ 2005ರವರೆಗೆ ಬದುಕಿದ್ದರು. ಅವರೊಬ್ಬರೇ ಬರೆದ ಕೌಬಾಯ್ ಕಾದಂಬರಿಗಳು ಏಳುನೂರಕ್ಕೂ ಹೆಚ್ಚು. ರೈಲು ನಿಲ್ದಾಣದ ಅಂಗಡಿಗಳಲ್ಲಿ ವಾರವಾರವೂ ಸಿಗುವ 64 ಪುಟದ ತೆಳ್ಳನೆಯ ಪುಸ್ತಕಗಳು. 64 ಪುಟವೇ ಏಕೆ? ಮುದ್ರಣದ ದೊಡ್ಡ ಹಾಳೆಯನ್ನು ಮಡಚಿದರೆ 16 ಪುಟ. ಅಂಥ ನಾಲ್ಕು ಸೇರಿದರೆ 64. ಕಾಗದ ಪೋಲಾಗುವುದಿಲ್ಲ, ಬೆಲೆ ಏರುವುದಿಲ್ಲ. ಕಥೆ ಎಷ್ಟೇ ದೊಡ್ಡದಿರಲಿ, ಅಷ್ಟರೊಳಗೇ ಮುಗಿಯಬೇಕು.

ಇಂಥವರು ನಮ್ಮಲ್ಲಿಲ್ಲವೇ? ನಾವಿರುವ ಈ ಊರಿನಲ್ಲೇ ಇದ್ದರು. ಮರಾಠಿಯ ಬಾಬುರಾವ್ ಅರ್ನಾಳ್ಕರ್ ಸಾವಿರಕ್ಕೂ ಹೆಚ್ಚು ರಹಸ್ಯ ಕಾದಂಬರಿಗಳನ್ನು ಬರೆದರು. ಅವರ ಝುಂಜಾರ್, ಕಾಳಾ ಪಹಾಡ್ ಎಂಬ ಪಾತ್ರಗಳ ಹೆಸರು ಹೇಳಿದರೆ ನಿಮ್ಮ ಪಕ್ಕದ ಮನೆಯ ಮರಾಠಿ ಅಜ್ಜನ ಮುಖ ಈಗಲೂ ಅರಳೀತು.

ಕನ್ನಡದಲ್ಲಿ ಎನ್. ನರಸಿಂಹಯ್ಯ ಇದ್ದರು. 1925ರಲ್ಲಿ ಹುಟ್ಟಿದವರು, 2011ರಲ್ಲಿ ನಮ್ಮನ್ನಗಲಿದರು. ಓದಿದ್ದು ನಾಲ್ಕನೇ ತರಗತಿ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪತ್ತೇದಾರ ಪುರುಷೋತ್ತಮ ಅವರ ಸೃಷ್ಟಿ. ಇನ್ನೊಬ್ಬರು ಮ. ರಾಮಮೂರ್ತಿ. ಪತ್ತೇದಾರಿ ಕಾದಂಬರಿಗಳನ್ನು ಬರೆಯುತ್ತಲೇ ಕನ್ನಡ ಚಳವಳಿಯ ಮುಂದಾಳಾದವರು. ನವೆಂಬರಿನಲ್ಲಿ ನಮ್ಮ ಸಂಘಗಳಲ್ಲಿ ಹಾರುವ ಹಳದಿ-ಕೆಂಪು ಬಾವುಟವನ್ನು ಕೊಟ್ಟವರು ಇವರೇ. 1967ರಲ್ಲಿ ತೀರಿಕೊಂಡರು. ಬಾವುಟಕ್ಕೆ ಕೈ ಮುಗಿಯುವ ನಮ್ಮಲ್ಲಿ ಎಷ್ಟು ಮಂದಿ ಅವರದೊಂದು ಕಾದಂಬರಿ ಓದಿದ್ದೇವೆ?

ಇವೆಲ್ಲ ಮಹಾಕೃತಿಗಳು ಎಂದು ನಾನು ಹೇಳುವುದಿಲ್ಲ. ಅವಸರದಲ್ಲಿ ಬರೆದವು. ಒಂದೇ ಅಚ್ಚಿನ ಕೊಲೆ, ಒಂದೇ ಅಚ್ಚಿನ ಖಳನಾಯಕ ಮತ್ತೆ ಮತ್ತೆ ಬರುವುದುಂಟು. ವಿಮರ್ಶಕರು ಇವನ್ನು ದೂರವಿಟ್ಟದ್ದಕ್ಕೂ ಕಾರಣವಿದೆ. ಆದರೆ ಇವು ಮಾಡಿದ ಒಂದು ಕೆಲಸವನ್ನು ದೊಡ್ಡ ಗ್ರಂಥಗಳು ಮಾಡಲಾರವು. ಅಕ್ಷರ ಕಲಿತವನಿಗೂ ಓದುವವನಿಗೂ ನಡುವೆ ಒಂದು ಹಳ್ಳವಿದೆ. ಅಕ್ಷರ ಕೂಡಿಸಿ ಓದುವವನು ಮುಂದಿನ ಪುಟದಲ್ಲಿ ಏನಾಯಿತು ಎಂಬ ಆಸೆಗೆ ಬಿದ್ದು ಆ ಹಳ್ಳ ದಾಟುತ್ತಾನೆ. ಚಿಕ್ಕ ವಾಕ್ಯ, ಬಳಕೆಯ ಮಾತು, ಅಧ್ಯಾಯದ ಕೊನೆಗೊಂದು ಗಂಟು. ಅದೇ ಸೇತುವೆ.

ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ಹಿರಿಯರು ನಿಮ್ಮ ಮನೆಯಲ್ಲೋ ಬಿಲ್ಡಿಂಗಿನಲ್ಲೋ ಇರಬಹುದು. ಪಠ್ಯಪುಸ್ತಕ ಮುಗಿದ ಮೇಲೆ ಅವರು ಮೊದಲು ಓದಿದ ಪುಸ್ತಕ ಯಾವುದೆಂದು ಕೇಳಿ ನೋಡಿ. ಉತ್ತರವನ್ನು ಬರೆದಿಟ್ಟುಕೊಳ್ಳಿ. ನಮ್ಮ ಓದಿನ ಚರಿತ್ರೆ ಇನ್ನೂ ಅವರ ನೆನಪಿನಲ್ಲೇ ಇದೆ.

ಈಗ ನನ್ನ ಆತಂಕಕ್ಕೆ ಬರುತ್ತೇನೆ. ಜರ್ಮನರು ಕಾರ್ಲ್ ಮೈ ಬಾಳಿದ ರಾಡೆಬೊಯ್ಲ್ ಊರಿನಲ್ಲಿ 1928ರಲ್ಲೇ ಮ್ಯೂಸಿಯಂ ತೆರೆದರು. ಬಾಟ್ ಜೆಗೆಬರ್ಗ್ ಎಂಬಲ್ಲಿ 1952ರಿಂದ ಅವನ ಕಥೆಗಳನ್ನು ಬಯಲು ರಂಗದಲ್ಲಿ ಆಡುತ್ತ ಬಂದಿದ್ದಾರೆ. ನಮ್ಮಲ್ಲಿ? ಡೊಂಬಿವಲಿ, ಠಾಣೆಯಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಮಾಳಿಗೆಯಿಂದ ಇಳಿದ ಕನ್ನಡ ಪುಸ್ತಕದ ಗಂಟು ನೇರ ರದ್ದಿವಾಲನ ತಕ್ಕಡಿಗೆ ಹೋಗುತ್ತದೆ. ಕಾರಂತರ, ಕುವೆಂಪು ಅವರ ಪುಸ್ತಕ ಹೋದರೆ ಅಂಗಡಿಯಲ್ಲಿ ಮತ್ತೊಂದು ಸಿಕ್ಕೀತು. ಹೊದಿಕೆ ಕಿತ್ತ ಪತ್ತೇದಾರಿ ಕಾದಂಬರಿ ಹೋದರೆ, ಅದು ಉಳಿದಿದ್ದ ಕೊನೆಯ ಪ್ರತಿಯೇ ಆಗಿರಬಹುದು.

ಆದ್ದರಿಂದ ಎರಡು ವಿನಂತಿ. ಒಂದು, ಗಂಟು ಕೊಡುವ ಮೊದಲು ಬಿಚ್ಚಿ ನೋಡಿ. ಹಳೆಯ ಪತ್ತೇದಾರಿ ಕಾದಂಬರಿ ಇದ್ದರೆ ಹತ್ತಿರದ ಕನ್ನಡ ಸಂಘದ ಪುಸ್ತಕ ಭಂಡಾರಕ್ಕೆ ಫೋನ್ ಮಾಡಿ. ಸಂಘದವರೂ ಬೇಡವೆನ್ನದೆ ಇಟ್ಟುಕೊಳ್ಳಲಿ. ಎರಡು, ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗಳಿಗೆ ಕನ್ನಡ ಓದಲು ಬಾರದಿದ್ದರೆ ನೀವೇ ದಿನಕ್ಕೊಂದು ಅಧ್ಯಾಯ ಓದಿ ಹೇಳಿ. ಕೊಲೆಗಾರ ಯಾರೆಂದು ಮಾತ್ರ ಹೇಳಬೇಡಿ. ಪುಸ್ತಕವನ್ನು ಅವಳ ಕೈಗೆ ಸಿಗುವಲ್ಲಿ ಇಟ್ಟು ಸುಮ್ಮನಿರಿ.