ಲಿಂಕನ್ ಪಾಠ ಮತ್ತು ನನ್ನ ಪಕ್ಕದ ಖಾಲಿ ಜಾಗ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಇಲ್ಲಿ ಓದುವಾಗ ಆಫೀಸ್ ರೂಮಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಪತ್ರವಿತ್ತು. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ತಮ್ಮ ಮಗನ ಶಿಕ್ಷಕರಿಗೆ ಬರೆದದ್ದು ಎಂದು ಅದರ ಮೇಲಿತ್ತು. ಶಿಕ್ಷಕರ ದಿನಾಚರಣೆಯಲ್ಲಿ ಅದನ್ನು ಓದಿ ನಾನು ಒಂದು ಸ್ಟೀಲ್ ತಟ್ಟೆ ಬಹುಮಾನ ಪಡೆದಿದ್ದೇನೆ. ದೊಡ್ಡವನಾದ ಮೇಲೆ ಗೊತ್ತಾಯಿತು: ಲಿಂಕನ್ ಬರೆದ ಪತ್ರಗಳು, ಮಾಡಿದ ಭಾಷಣಗಳು ಸಂಪುಟಗಳಾಗಿ ಅಚ್ಚಾಗಿವೆ, ಅವುಗಳಲ್ಲಿ ಈ ಪತ್ರ ಇಲ್ಲ. ತಟ್ಟೆಯನ್ನು ವಾಪಸ್ ಕೊಡಬೇಕೇನೋ ಅನ್ನಿಸಿತು.

ಆದರೆ ಲಿಂಕನ್ ನಿಜವಾಗಿಯೂ ಸಹಿ ಹಾಕಿದ ಒಂದು ಕಾಗದವಿದೆ. ನಾನು ಎಂಜಿನಿಯರ್, ಇತಿಹಾಸ ಓದಿದವನಲ್ಲ. ಆದರೂ ಇವತ್ತು ಆ ಕಾಗದದ ಬಗ್ಗೆಯೇ ಮಾತಾಡುತ್ತೇನೆ.

1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ ರಾಜ್ಯಗಳ ಹತ್ತಿ ಬೇಸಾಯ ನಿಂತದ್ದೇ ಅವರ ದುಡಿಮೆಯ ಮೇಲೆ. ಆ ವರ್ಷ ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದರು. ದಕ್ಷಿಣದ 11 ರಾಜ್ಯಗಳು ಬೇರೆಯಾದವು. 1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಅಲ್ಲಿಂದ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ದೇಶದ ಕಡೆ ನೋಡಿದವು. ಧಾರವಾಡ, ಬಳ್ಳಾರಿ ಸೀಮೆಯ ಎರೆ ಹೊಲದ ಹತ್ತಿಗೆ ಬೆಲೆ ಏರಿತು. 1865ರಲ್ಲಿ ಯುದ್ಧ ಮುಗಿದಾಗ ಇಳಿಯಿತು. ಅಂದರೆ ಆ ಯುದ್ಧದ ಬಿಸಿ ನಮ್ಮ ಮುತ್ತಜ್ಜಂದಿರ ಹೊಲಕ್ಕೂ ತಟ್ಟಿದೆ.

1863ರ ಜನವರಿ 1ರಂದು ಲಿಂಕನ್ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದರು. ಅಂದೇ ಎಲ್ಲರೂ ಸ್ವತಂತ್ರರಾದರು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಹಾಗಲ್ಲ. ದಂಗೆ ಎದ್ದ ಪ್ರದೇಶಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಸರ್ಕಾರದ ಜೊತೆಗೇ ಉಳಿದಿದ್ದ ಕೆಂಟಕಿಯಂಥ ರಾಜ್ಯಗಳ ಗುಲಾಮರಿಗೆ ಬಿಡುಗಡೆ ಇರಲಿಲ್ಲ. ಯುದ್ಧಕಾಲದ ಸೇನಾಧಿಪತಿಯಾಗಿ ಹೊರಡಿಸಿದ ಆ ಆಜ್ಞೆ ಯುದ್ಧ ಮುಗಿದ ಮೇಲೆ ನಿಲ್ಲುತ್ತದೆಯೇ ಎಂಬ ಚಿಂತೆಯೂ ಇತ್ತು. ಅದಕ್ಕೇ ಸಂವಿಧಾನವನ್ನೇ ತಿದ್ದಬೇಕಾಯಿತು. 13ನೇ ತಿದ್ದುಪಡಿ ಪೂರ್ತಿ ಅಂಗೀಕಾರವಾದದ್ದು 1865ರ ಡಿಸೆಂಬರ್ 6ರಂದು. ಅದನ್ನು ನೋಡಲು ಲಿಂಕನ್ ಇರಲಿಲ್ಲ. ಏಪ್ರಿಲ್‌ನಲ್ಲೇ ಗುಂಡಿಗೆ ಬಲಿಯಾಗಿದ್ದರು.

ಇನ್ನೊಂದು ಮಾತು. ಗುಲಾಮರು ಕೈಕಟ್ಟಿ ಕಾದು ಕೂತಿರಲಿಲ್ಲ. ಸಾವಿರಾರು ಜನ ತೋಟ ಬಿಟ್ಟು ಉತ್ತರದ ಸೇನೆಯ ಶಿಬಿರಗಳಿಗೆ ಓಡಿಬಂದರು. ಸುಮಾರು 1,80,000 ಕಪ್ಪು ಜನರು ಆ ಸೇನೆಯಲ್ಲಿ ಸೈನಿಕರಾದರು. ಹಾಗಿದ್ದೂ ಟೆಕ್ಸಾಸ್‌ನ ಗಾಲ್ವೆಸ್ಟನ್ ಊರಿನಲ್ಲಿ ಬಿಡುಗಡೆಯ ಆಜ್ಞೆ ಸಾರಿದ್ದು 1865ರ ಜೂನ್ 19ರಂದು. ಸಹಿ ಬಿದ್ದು ಎರಡೂವರೆ ವರ್ಷವಾಗಿತ್ತು!

ಈಗ ನಮ್ಮ ಕಡೆಗೆ ಬರೋಣ. ಬಳ್ಳಾರಿ ಕಂಪನಿ ಸರ್ಕಾರದ ಕೈಯಲ್ಲಿದ್ದಾಗ, ಲಿಂಕನ್ ಘೋಷಣೆಗೆ 20 ವರ್ಷ ಮೊದಲು, 1843ರಲ್ಲೇ ಗುಲಾಮಗಿರಿಯನ್ನು ಕೋರ್ಟುಗಳು ಮಾನ್ಯ ಮಾಡಬಾರದೆಂದು ಕಾಯ್ದೆ ಬಂದಿತ್ತು. ಆದರೂ ಸಾಲದ ಹೆಸರಿನ ಜೀತ ಉಳಿಯಿತು. ನಮ್ಮ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. ಆಮೇಲೂ ಉಳಿಯಿತು. 1975ರ ಅಕ್ಟೋಬರ್ 25ರಿಂದ ಸುಗ್ರೀವಾಜ್ಞೆಯ ಮೂಲಕ ಜೀತ ಪದ್ಧತಿ ರದ್ದಾಯಿತು. 1976ರಲ್ಲಿ ಅದೇ ಕಾಯ್ದೆಯಾಯಿತು. ಮೊದಲು ಆಜ್ಞೆ, ಆಮೇಲೆ ಕಾನೂನು. ಅಲ್ಲಿ ನಡೆದ ಹಾಗೆಯೇ. ನಮ್ಮ ಶಾಲೆ ಬಾಗಿಲು ತೆರೆದದ್ದೂ 1975ರಲ್ಲೇ. ಈ ಶಾಲೆಗೂ ಆ ಕಾನೂನಿಗೂ ಒಂದೇ ವಯಸ್ಸು.

ಆ ಕಾಯ್ದೆ ಜೀತದಾಳನ್ನು ಬಿಡಿಸುವುದಷ್ಟೇ ಅಲ್ಲ, ಅವನ ಮೇಲಿನ ಜೀತದ ಸಾಲವನ್ನೂ ಅಳಿಸಿಹಾಕುತ್ತದೆ. ಜೀತಕ್ಕಿಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು ಎನ್ನುತ್ತದೆ. ಇವನ್ನೆಲ್ಲ ನಾನು ಶಾಲೆ ಬಿಟ್ಟು ಎಷ್ಟೋ ವರ್ಷದ ಮೇಲೆ ಓದಿದೆ. ಓದುವಾಗ ಒಬ್ಬ ಗೆಳೆಯ ನೆನಪಾದ.

ಎಂಟನೇ ತರಗತಿಯಲ್ಲಿ ಅವನು ನನ್ನ ಪಕ್ಕ ಕೂರುತ್ತಿದ್ದ. ಅದು ಬರಗಾಲದ ವರ್ಷ. ಅಕ್ಕನ ಮದುವೆಗೆಂದು ಅವರಪ್ಪ ಮುಂಗಡ ತೆಗೆದುಕೊಂಡಿದ್ದರು. ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಇಟ್ಟಿಗೆ ಭಟ್ಟಿಗೆ ಗುಳೆ ಹೋದರು. ಮುಂಗಡ ಮುರಿಯುವವರೆಗೆ ಬೇರೆ ಕಡೆ ದುಡಿಯುವ ಹಾಗಿರಲಿಲ್ಲ, ಊರಿಗೆ ಬರುವ ಹಾಗೂ ಇರಲಿಲ್ಲ. ಹಾಜರಿ ಕೂಗುವಾಗ ಅವನ ಹೆಸರು ಬಂದರೆ ನಾವು "ಗುಳೆ ಹೋಗ್ಯಾನ್ರಿ ಸರ್" ಅನ್ನುತ್ತಿದ್ದೆವು. ಕೆಲವು ದಿನಗಳ ಮೇಲೆ ಹೆಸರು ಕೂಗುವುದೂ ನಿಂತಿತು.

ಆ ವರ್ಷದ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಬಂತು: ಅಮೆರಿಕದಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದವರು ಯಾರು? ನಾನು ಲಿಂಕನ್ ಎಂದು ಬರೆದೆ, ಅಂಕ ಬಂತು. ಪಕ್ಕದ ಖಾಲಿ ಜಾಗಕ್ಕೂ ಆ ಪ್ರಶ್ನೆಗೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಗುಳೆ ಹೋದವರೆಲ್ಲ ಜೀತದಾಳುಗಳಲ್ಲ, ನಿಜ. ಆದರೆ ಮುಂಗಡದ ಕಾರಣಕ್ಕೆ ಕೆಲಸ ಬಿಡುವ, ಓಡಾಡುವ ಸ್ವಾತಂತ್ರ್ಯ ಹೋದರೆ ಕಾಯ್ದೆಯ ಕಣ್ಣಿನಲ್ಲಿ ಅದು ಜೀತವೇ. ಕಾಲಿಗೆ ಸರಪಳಿ ಇರಬೇಕೆಂದಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಇಷ್ಟೆ. ಬೋರ್ಡಿನ ಮೇಲೆ 1863 ಎಂದು ಬರೆದಾಗ ಅದರ ಕೆಳಗೆ 1975 ಎಂದೂ ಬರೆಯಿರಿ. ಸಹಿ ಹಾಕಿದವರ ಹೆಸರಿನ ಜೊತೆಗೆ ಓಡಿಬಂದವರ, ಹೋರಾಡಿದವರ ಕಥೆಯನ್ನೂ ಹೇಳಿ. ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಜಾಗ ಖಾಲಿಯಾದರೆ ಸರ್‌ಗೆ, ಟೀಚರ್‌ಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದೆ, ಅದಕ್ಕೆ ದುಡ್ಡು ಬೇಕಿಲ್ಲ. ಗಾಲ್ವೆಸ್ಟನ್‌ನಲ್ಲಿ ಆಜ್ಞೆ ಜಾರಿಯಾಗಲು ಎರಡೂವರೆ ವರ್ಷ ಹಿಡಿಯಿತು. ನಮ್ಮಲ್ಲಿ ಅಷ್ಟು ತಡವಾಗಬಾರದು.

ಈ ಸಮಾರಂಭಕ್ಕೆ ಕರೆಯಲು ಆ ಗೆಳೆಯನನ್ನು ಹುಡುಕಿದೆ. ಸಿಕ್ಕ. ಕುರುಗೋಡಿನ ಹತ್ತಿರ ಹೊಲ ಗುತ್ತಿಗೆ ಹಿಡಿದು ಮೆಣಸಿನಕಾಯಿ ಬೆಳೆಯುತ್ತಾನೆ. ಮಗಳು ಸಿರುಗುಪ್ಪದಲ್ಲಿ ಹೈಸ್ಕೂಲು ಓದುತ್ತಿದ್ದಾಳೆ. "ಬಾರೋ" ಅಂದೆ. "ನಾ ಯಾವ ಬ್ಯಾಚಂತ ಬರ್ಲೋ? ಎಸ್ಸೆಸ್ಸೆಲ್ಸಿ ಮುಟ್ಟೇ ಇಲ್ಲ" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಸ್ಮರಣ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಅಚ್ಚಾಗುತ್ತದೆ ಎಂದು ಕೇಳಿದ್ದೇನೆ. ಅದರಲ್ಲಿ ಪಾಸಾದವರ ಜೊತೆಗೆ, ದಾಖಲಾಗಿ ನಡುವೆ ಬಿಟ್ಟುಹೋದವರ ಹೆಸರುಗಳನ್ನೂ ದಯವಿಟ್ಟು ಸೇರಿಸಿ. ಅವರೂ ಈ ಶಾಲೆಯ ಮಕ್ಕಳೇ.