ತಾರೀಖಿಗೆ ಅಂಜಿ ತಪ್ಪು ಒಪ್ಪಬೇಡಿ

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ವಕೀಲನಲ್ಲ, ಮಾಸ್ತರಿಕೆ ಮಾಡಿದವನು. ಆದರೆ ಸಂಘಟನೆಯ ಕೆಲಸಕ್ಕೆ ಬಂದ ಮೇಲೆ ಕೋರ್ಟಿನ ಕಟ್ಟೆಯ ಮೇಲೆ ಬಹಳ ದಿನ ಕಳೆದಿದ್ದೇನೆ. ಅಲ್ಲಿ ಕಂಡುದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಭಾಗದ ಕೂಲಿಕಾರನೊಬ್ಬ. ಹೊಲದ ಬದುವಿನ ಜಗಳದ ಖಟ್ಲೆಯಲ್ಲಿ ಅವನ ಹೆಸರೂ ಸೇರಿತ್ತು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವನು ಮೂರು ತಾರೀಖಿಗೆ ಬಸ್ಸು ಹಿಡಿದು ಬಂದ. ಮೂರೂ ಸಲ ಖಟ್ಲೆ ಮುಂದಕ್ಕೆ ಹೋಯಿತು. ನಾಲ್ಕನೆಯ ಸಲ ಕಟ್ಟೆಯ ಮೇಲೆ ಯಾರೋ ಹೇಳಿದರು: “ತಪ್ಪಾತು ಅಂದು ದಂಡ ಕಟ್ಟಿಬಿಡು, ಇವತ್ತ ಮುಗೀತದ.” ನಾನು ಕೇಳಿದೆ: “ಯಾಕಪ್ಪಾ, ನೀ ಹೊಡದಿದ್ದೇನು?” ಅವನೆಂದ: “ಇಲ್ರೀ ಮಾಸ್ತರ, ನಾ ಬಿಡಿಸಾಕ ಹೋಗಿದ್ದೆ. ಆದರ ಮುಕಾದಮ ಮುಂಗಡ ಕೊಟ್ಟಾನ್ರೀ. ಇನ್ನೊಂದು ತಾರೀಖಿಗೆ ಬಿಡೂದಿಲ್ಲ.” ಒಳಗೆ ಹೋದ, ಒಪ್ಪಿದ, ದಂಡ ಕಟ್ಟಿದ, ಸಂಜೆಯ ಬಸ್ಸಿಗೆ ಹೋದ. ದಾಖಲೆಯಲ್ಲಿ ಅವನೀಗ ಅಪರಾಧಿ.

ತಪ್ಪು ಒಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವುದಕ್ಕೆ ‘ಪ್ಲೀ ಬಾರ್ಗೇನಿಂಗ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಚೌಕಾಶಿ. ಅಮೇರಿಕೆಯಲ್ಲಿ ನೂರು ಶಿಕ್ಷೆಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಹೀಗೆಯೇ ಆಗುತ್ತವೆ. ನಮ್ಮ ಸುಪ್ರೀಂ ಕೋರ್ಟು ಇದನ್ನು ಬಹುಕಾಲ ಒಪ್ಪಲಿಲ್ಲ. ಗುಜರಾತಿನ ಕಾಸಂಭಾಯಿ ಖಟ್ಲೆಯಲ್ಲಿ 1980ರಲ್ಲಿ ಇದನ್ನು ಖಂಡಿಸಿತು. ನಮ್ಮ ರಾಜ್ಯದ್ದೇ ಆದ ತಿಪ್ಪೇಸ್ವಾಮಿ ಖಟ್ಲೆಯ ತೀರ್ಪು 1983ರ ವರದಿಗಳಲ್ಲಿದೆ. ಹಗುರ ಶಿಕ್ಷೆಯ ಆಸೆ ತೋರಿಸಿ ತಪ್ಪು ಒಪ್ಪಿಸಿ, ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ಅಲ್ಲಿ ಸಾರಲಾಯಿತು.

ಬಳಿಕ ಸಂಸತ್ತೇ ಕಾಯಿದೆ ಮಾಡಿತು. 2006ರ ಜುಲೈ 5ರಿಂದ ಚೌಕಾಶಿಗೆ ಕಾನೂನಿನ ದಾರಿ ತೆರೆಯಿತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಅದು ಇಲ್ಲ. ಹೆಣ್ಣುಮಕ್ಕಳ ಮೇಲಿನ, ಎಳೆಯರ ಮೇಲಿನ ಅಪರಾಧಗಳಿಗೂ ಇಲ್ಲ. ಆರೋಪ ಹೊರಿಸಿದ 30 ದಿನಗಳೊಳಗೆ ಆರೋಪಿ ತಾನೇ ಅರ್ಜಿ ಕೊಡಬೇಕು. ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿಟ್ಟು, ಯಾರ ಒತ್ತಾಯವೂ ಇಲ್ಲವೇ ಎಂದು ಅವನನ್ನು ಕೇಳಬೇಕು. ಆ ಮೇಲೆ ಸರಕಾರಿ ವಕೀಲರು, ತನಿಖೆಯ ಅಧಿಕಾರಿ, ನೊಂದವರು, ಆರೋಪಿ ಕೂಡಿ ಮಾತಾಡಬೇಕು. ನೊಂದವರಿಗೆ ಪರಿಹಾರ ಸಿಗಬೇಕು. ಶಿಕ್ಷೆಯನ್ನು ನಾಲ್ಕರಲ್ಲಿ ಒಂದು ಪಾಲಿಗೆ, ಮೊದಲ ಸಲ ತಪ್ಪಿದವನಿಗೆ ಆರರಲ್ಲಿ ಒಂದು ಪಾಲಿಗೆ ಇಳಿಸಬಹುದು. ಕನಿಷ್ಠ ಶಿಕ್ಷೆ ಗೊತ್ತುಮಾಡಿದ ಅಪರಾಧಗಳಿಗೆ ಲೆಕ್ಕ ಬೇರೆ.

ಕಾಗದದ ಮೇಲೆ ಇಷ್ಟೆಲ್ಲ ಕಾವಲು ಇದೆ. ಆದರೆ ಈ ದಾರಿಯಲ್ಲಿ ಮುಗಿದ ಖಟ್ಲೆಗಳು ದೇಶದಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಬಡವನ ಚೌಕಾಶಿ ಕಟ್ಟೆಯ ಮೇಲೆಯೇ ನಡೆದುಹೋಗುತ್ತದೆ. ಅಲ್ಲಿ ಅರ್ಜಿಯಿಲ್ಲ, ಏಕಾಂತದ ವಿಚಾರಣೆಯಿಲ್ಲ. ನೊಂದವರಿಗೂ ಏನೂ ದಕ್ಕುವುದಿಲ್ಲ.

ಇದರ ಬೆಲೆ ಬರಿಯ ದಂಡವಷ್ಟೇ ಎಂದು ತಿಳಿಯಬೇಡಿ. ತಪ್ಪೊಪ್ಪಿದವನಿಗೆ ಅಪೀಲಿನ ಬಾಗಿಲು ಬಹುಪಾಲು ಮುಚ್ಚುತ್ತದೆ. ಶಿಕ್ಷೆಯ ಪ್ರಮಾಣ, ಅದರ ಕಾನೂನುಬದ್ಧತೆ, ಇಷ್ಟನ್ನೇ ಪ್ರಶ್ನಿಸಬಹುದು. ಸಣ್ಣ ದಂಡಕ್ಕೆ ಅದೂ ಇಲ್ಲ. ಮುಂದೊಮ್ಮೆ ಅದೇ ಅಪರಾಧದ ಆರೋಪ ಬಂದರೆ ಕಾನೂನಿನ ಚೌಕಾಶಿಗೆ ಅವನು ಅರ್ಹನಲ್ಲ. ಬೇರೆ ಅಪರಾಧವಾದರೂ ‘ಮೊದಲ ಸಲ’ದ ರಿಯಾಯಿತಿ ಇಲ್ಲ. ಒಂದು ದಿನದ ಕೂಲಿ ಉಳಿಸಲು ಹೋಗಿ ಅವನು ಇಷ್ಟನ್ನೆಲ್ಲ ಬಿಟ್ಟುಕೊಟ್ಟ.

ಇನ್ನು ದೊಡ್ಡವರ ಖಟ್ಲೆಗಳನ್ನು ನೋಡಿರಿ. ಖಟ್ಲೆಯನ್ನು ಹಿಂತೆಗೆಯುವ ಅಧಿಕಾರ ಕಾಯಿದೆಯಂತೆ ಸರಕಾರಿ ವಕೀಲರದು, ಅದಕ್ಕೆ ಕೋರ್ಟಿನ ಒಪ್ಪಿಗೆ ಬೇಕು. ಅವರು ಸ್ವತಃ ವಿಚಾರಿಸಿ ನಿರ್ಣಯಿಸಬೇಕು. ಆದರೆ 2020ರ ಆಗಸ್ಟ್ 31ರಂದು ರಾಜ್ಯ ಸರಕಾರವೇ 61 ಖಟ್ಲೆ ಹಿಂತೆಗೆಯಲು ಆಜ್ಞೆ ಮಾಡಿತು. ಅವುಗಳಲ್ಲಿ ಶಾಸಕರ, ಸಂಸದರ ಮೇಲಿನವೂ ಇದ್ದವು. ಡಿಸೆಂಬರ್ 21ರಂದು ಹೈಕೋರ್ಟು ಅದನ್ನು ತಡೆಯಿತು. 2024ರ ಅಕ್ಟೋಬರದಲ್ಲಿ ಮತ್ತೊಂದು ಪಕ್ಷದ ಸರಕಾರ ಹಳೇ ಹುಬ್ಬಳ್ಳಿಯ ಗಲಭೆಯದೂ ಸೇರಿ 43 ಖಟ್ಲೆಗಳನ್ನು ಹಿಂತೆಗೆಯಹೊರಟಿತು. 2025ರ ಮೇ 29ರಂದು ಹೈಕೋರ್ಟು ಅದನ್ನೂ ರದ್ದುಮಾಡಿತು. ಗದ್ದುಗೆಯ ಮೇಲಿನವರು ಬದಲಾದರು, ಚಾಳಿ ಬದಲಾಗಲಿಲ್ಲ.

ಹಿಂತೆಗೆಯುವುದೇ ಅನ್ಯಾಯವೆಂದು ನಾನು ಹೇಳುವುದಿಲ್ಲ. ನೀರಿಗಾಗಿ ರಸ್ತೆಗಿಳಿದ ರೈತನ ಮೇಲೆ ಹೂಡಿದ ಖಟ್ಲೆಯನ್ನು ಬಿಟ್ಟರೆ ನ್ಯಾಯಕ್ಕೆ ಕುಂದಿಲ್ಲ. ಆದರೆ ಕಾರಣ ಹೇಳಿ ಬಿಡಿರಿ, ಅದೇ ಕಾರಣವಿದ್ದ ಎಲ್ಲರಿಗೂ ಬಿಡಿರಿ ಎಂದು ಕೇಳುವ ಹಕ್ಕು ನಮಗಿದೆ. ಮಂತ್ರಿಮಂಡಲದವರೆಗೆ ಹೋಗಬಲ್ಲವನಿಗೆ ಖಟ್ಲೆಯೇ ಇಲ್ಲದಾಗಬೇಕು, ಬಸ್ ಚಾರ್ಜಿಗೆ ಪರದಾಡುವವನು ಮಾಡದ ತಪ್ಪನ್ನೂ ಒಪ್ಪಬೇಕು ಎಂದರೆ ಇದೆಂಥ ಸಮಾನತೆ?

ಸಂತೆಯಲ್ಲಿ ದರ ಒಪ್ಪದಿದ್ದರೆ ಎತ್ತು ಹೊಡೆದುಕೊಂಡು ಮನೆಗೆ ಹೋಗಲು ಬರುತ್ತದೆ. ಮೇವು ತೀರಿದವನಿಗೆ ಅದು ಬರುವುದಿಲ್ಲ. ಕೇಳಿದ ದರಕ್ಕೆ ಕೊಟ್ಟು ಬರುತ್ತಾನೆ. ಕೋರ್ಟಿನಲ್ಲಿಯೂ ಕಾಯುವ ಶಕ್ತಿಯಿದ್ದವನಿಗೇ ಚೌಕಾಶಿ.

ಆದ್ದರಿಂದ ಕಾರ್ಯಕರ್ತರು ಮಾಡಬೇಕಾದ ಕೆಲಸ ಸಣ್ಣದು, ಆದರೆ ತಪ್ಪದೆ ಮಾಡಬೇಕಾದದ್ದು. ಗುಳೆ ಹೋಗುವ ಮೊದಲೇ ಯಾರ ಮೇಲೆ ಖಟ್ಲೆಯಿದೆ, ತಾರೀಖು ಎಂದು ಎಂಬುದನ್ನು ವಹಿಯಲ್ಲಿ ಬರೆದುಕೊಳ್ಳಿರಿ. ತಾಲೂಕಿನ ಕಾನೂನು ಸೇವಾ ಸಮಿತಿಗೆ ಕರೆದೊಯ್ಯಿರಿ. 1987ರ ಕಾಯಿದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ, ಬಂಧನದಲ್ಲಿದ್ದವರಿಗೆ, ಕಡಿಮೆ ವರಮಾನದವರಿಗೆ ವಕೀಲರನ್ನು ಬಿಟ್ಟಿಯಾಗಿ ಕೊಡಬೇಕು. ಖುದ್ದಾಗಿ ಬರಲಾಗದ ತಾರೀಖಿಗೆ ವಿನಾಯಿತಿ ಕೇಳಲು ವಕೀಲರಿಗೆ ಹೇಳಿರಿ. ತಪ್ಪು ಮಾಡಿದವನು ಒಪ್ಪಲಿ, ಆದರೆ ವಕೀಲರನ್ನು ಕೇಳಿ, ಅದರ ಫಲ ತಿಳಿದು ಒಪ್ಪಲಿ. ಮಾಡದವನು ತಾರೀಖಿಗೆ ಅಂಜಿ ಒಪ್ಪದಂತೆ ಅವನ ಬೆನ್ನಿಗೆ ನಾವು ನಿಲ್ಲೋಣ.

ಆ ಕೂಲಿಕಾರನು ಒಳಗೆ ಹೋಗುವಾಗ ನಾನು ಕಟ್ಟೆಯ ಮೇಲೆಯೇ ಇದ್ದೆ, ಆದರೆ ಈ ಮಾತು ನನಗಾಗ ತಿಳಿದಿರಲಿಲ್ಲ. ಈಗ ನಿಮಗೆ ತಿಳಿದಿದೆ.